ಬೀಗಿತ್ತಿಯ ಮುತ್ತಜ್ಜಿ ಹುಟ್ಟಿದ ಊರು

ಟಕ್ಕಟಕ್, ಟಕ್ಕಟಕ್. ಒಂದು ಕ್ಷಣ ಏನೂ ಇಲ್ಲ. ಮತ್ತೆ ಟಕ್ಕಟಕ್. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಮ್ಮ ಸರಟೋಗಾ ಮನೆಯ ಡ್ರೈವ್‌ವೇಯಲ್ಲಿ ಚಕ್ರದ ಪೆಟ್ಟಿಗೆಯೊಂದು ಕಲ್ಲಿನ ಸಂದಿಗಳನ್ನು ದಾಟಿಕೊಂಡು ಬರುತ್ತಿದ್ದ ಸದ್ದು ಅದು. ಎಳೆಯುವವರು ಉಸಿರು ತೆಗೆದುಕೊಳ್ಳಲು ನಿಂತಾಗ ಸದ್ದೂ ನಿಲ್ಲುತ್ತಿತ್ತು. ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು, ಇವತ್ತು ಎಷ್ಟು ಸಲ ನಿಲ್ಲುತ್ತಾರೆ ಅಂತ ನಾನು ಎಣಿಸುತ್ತಿದ್ದೆ. ಕನಿಕರದಿಂದ ಎಣಿಸುತ್ತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ.

ಬರುತ್ತಿದ್ದವರು ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ. ಡ್ಯಾನ್‌ವಿಲ್‌ನಿಂದ ಫ್ರೀವೇಯಲ್ಲಿ ತಾವೇ ಕಾರು ಓಡಿಸಿಕೊಂಡು ಬರೋರು. ಎಂಬತ್ತಕ್ಕೆ ಎರಡು ವರ್ಷ ಕಮ್ಮಿ. ನನಗಿಂತ ಆರು ತಿಂಗಳು ದೊಡ್ಡವರು, ನನಗಿಂತ ಒಂದು ಗೇಣು ಎತ್ತರ. ಒಂದು ಸ್ಕೂಲಿನಲ್ಲಿ ಲೈಬ್ರೇರಿಯನ್ ಆಗಿದ್ದು ರಿಟೈರ್ ಆದವರು. ಆ ಪೆಟ್ಟಿಗೆಯಲ್ಲಿ ಬಟ್ಟೆಬರೆ ಇರುತ್ತಿರಲಿಲ್ಲ, ಸತ್ತವರ ಕಾಗದಪತ್ರ ಇರುತ್ತಿತ್ತು. ಅವರ ಹಿರಿಯರು ಐರ್ಲೆಂಡಿನಿಂದ ಹಡಗು ಹತ್ತಿ ಬಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆ ನಿಂತ ಬಡವರು. ಆ ಬಡವರು ಅಲ್ಲಿ ಯಾವ ಊರಿನವರು, ಯಾವ ಚರ್ಚಿಗೆ ಸೇರಿದವರು ಅನ್ನೋದನ್ನು ಹಳೇ ರಿಜಿಸ್ಟರುಗಳಲ್ಲಿ ಹುಡುಕೋದು ಅವರಿಗೆ ಹತ್ತಿದ ಹುಚ್ಚು. ಅದು ನನ್ನ ಮೊಮ್ಮಗಳಿಗೂ ಹತ್ತಿತು. ಅಲ್ಲಿಂದ ಶುರು ನನ್ನ ಕಷ್ಟ.

ಯಾಕೆಂದರೆ ಶನಿವಾರ ನನ್ನದಾಗಿತ್ತು. ಮಗು ನಾಲ್ಕು ವರ್ಷದವಳಿದ್ದಾಗಿನಿಂದ ಶನಿವಾರ ಬೆಳಿಗ್ಗೆ ಮಗಳು ಅಳಿಯ ಇಬ್ಬರೂ ಜಿಮ್ಮು, ಗ್ರೋಸರಿ ಅಂತ ಹೋದರೆ ನಾವಿಬ್ಬರೇ. ಮೊದಮೊದಲು ಅ ಆ ಇ ಈ ತಿದ್ದಿಸುತ್ತಿದ್ದೆ. ಆಮೇಲೆ ತಲೆಗೆ ಎಣ್ಣೆ. ಆಮೇಲೆ ದೋಸೆ. ಹದಿನಾರು ವರ್ಷಕ್ಕೆ ಅಕ್ಷರವೂ ಹೋಯಿತು, ಎಣ್ಣೆಯೂ ಹೋಯಿತು, ದೋಸೆ ಮಾತ್ರ ಉಳಿದಿತ್ತು. ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕೂತು, ಒಂದೊಂದೇ ದೋಸೆ ಬರುವ ಹೊತ್ತಿನಲ್ಲಿ ಸ್ಕೂಲಿನದು, ಫ್ರೆಂಡ್ಸಿನದು, ಎಲ್ಲ ಹೇಳೋಳು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಮಗೆ ಅದು ಸಾಕಾಗಿತ್ತು.

ಆಗ ಹಿಸ್ಟರಿ ಟೀಚರು ಒಂದು ಪ್ರಾಜೆಕ್ಟ್ ಕೊಟ್ಟರು. ನಿಮ್ಮ ಫ್ಯಾಮಿಲಿ ಎಲ್ಲಿಂದ ಬಂತು, ಪತ್ತೆ ಮಾಡಿ ಬರೆಯಿರಿ ಅಂತ. ಮೊಮ್ಮಗಳು ಅಪ್ಪನ ಕಡೆಯನ್ನು ಆರಿಸಿಕೊಂಡಳು. ಯಾಕೆ ಪುಟ್ಟ, ನಮ್ಮ ಕಡೆ ಇಲ್ಲವಾ ಅಂದೆ. "ಅಜ್ಜಿ, ಬಟ್ ಐ ಆಲ್ರೆಡಿ ನೋ ದಟ್ ಒನ್. ಇಟ್ಸ್ ಮೈಸೂರ್" ಅಂದಳು. ಗೊತ್ತಿರುವುದನ್ನು ಹುಡುಕುವುದೇನಿದೆ ಅನ್ನುವ ಹಾಗೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅವತ್ತು ಕಾವಲಿ ಮೇಲೆ ಹುಯ್ದ ದೋಸೆ ಕರಕಲಾಯಿತು.

ಮುಂದಿನ ಶನಿವಾರದಿಂದ ಊಟದ ಮೇಜು ಅವರಿಬ್ಬರದಾಯಿತು. ಬೀಗಿತ್ತಿ ಅವರ ಕಡೆಯ ಸೋಡಾ ಬ್ರೆಡ್ ಮಾಡಿಕೊಂಡು ಬರೋರು. ಒಣದ್ರಾಕ್ಷಿ ಹಾಕಿದ ಒರಟು ಬನ್ನು ಅಷ್ಟೆ, ಟೀಯಲ್ಲಿ ಅದ್ದದಿದ್ದರೆ ಗಂಟಲಲ್ಲಿ ಇಳಿಯೋದಿಲ್ಲ. ಮೊಮ್ಮಗಳು ಅದಕ್ಕೆ ಬೆಣ್ಣೆ ಬಳಿದುಕೊಂಡು ತಿನ್ನುವಳು. ದೋಸೆ ತಟ್ಟೆಯಲ್ಲಿ ತಣ್ಣಗಾಗೋದು. ಇಬ್ಬರೂ ಲ್ಯಾಪ್‌ಟಾಪಿಗೆ ತಲೆ ತಾಗಿಸಿ ಕೂತರೆ ಒಂದು ಬಿಳೀ ತಲೆ, ಒಂದು ಕರೀ ತಲೆ. ಆ ಕರೀ ತಲೆಗೆ ಹನ್ನೆರಡು ವರ್ಷ ಕೊಬ್ಬರಿ ಎಣ್ಣೆ ಹಚ್ಚಿದವಳು ನಾನು. ಒಂದು ದಿನ ಬೀಗಿತ್ತಿ ಅವಳ ಗಲ್ಲ ಹಿಡಿದು, ಇದು ನಮ್ಮಮ್ಮನ ಗಲ್ಲ ಅಂದರು. ಅದು ನನ್ನ ಗಲ್ಲ. ಬೇಕಾದರೆ ಯಾರಾದರೂ ಬಂದು ನೋಡಲಿ.

ಮಗಳು ಒಂದು ದಿನ ಪಾತ್ರೆ ಜೋಡಿಸುತ್ತಾ ಅಂದೇಬಿಟ್ಟಳು. "ಅಮ್ಮ, ನಿಂಗೆ ಹೊಟ್ಟೆಕಿಚ್ಚು."

"ನನಗೆ ಆಸಿಡಿಟಿ ಕಣೆ" ಅಂದೆ. "ಆ ಬನ್ನು ತಿಂದು."

ಅವರು ಹುಡುಕುತ್ತಿದ್ದದ್ದು ಇಷ್ಟು. ಬೀಗಿತ್ತಿಯ ಮುತ್ತಜ್ಜಿ ಎರಡು ಮೂರು ವರ್ಷದ ಮಗುವಾಗಿ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಬಂದವಳು. ಅವಳ ಬೆನ್ನಿಗೆ ಐರ್ಲೆಂಡಿನಲ್ಲೇ ಹುಟ್ಟಿದ ತಮ್ಮನೂ ಕೈಗೂಸಾಗಿ ಜೊತೆಗೆ ಬಂದ. ಸರ್ಕಾರ ಹುಟ್ಟು ಸಾವು ಬರೆದಿಡದಿದ್ದ ಕಾಲ ಅದು. ಚರ್ಚಿನ ಪಾದ್ರಿ ಮಗುವಿನ ತಲೆಗೆ ನೀರು ಹಾಕಿ ಬ್ಯಾಪ್ಟಿಸಮ್ ಕೊಟ್ಟಾಗ ರಿಜಿಸ್ಟರಿನಲ್ಲಿ ಬರೆದದ್ದೇ ದಾಖಲೆ. ಆ ರಿಜಿಸ್ಟರುಗಳ ಫೋಟೋ ಈಗ ಇಂಟರ್ನೆಟ್ಟಿನಲ್ಲಿವೆ, ಒಂದೊಂದು ಪ್ಯಾರಿಷ್‌ಗೆ, ಅಂದರೆ ಒಂದು ಚರ್ಚಿಗೆ ಸೇರಿದ ನಾಲ್ಕಾರು ಹಳ್ಳಿಗೆ, ಒಂದೊಂದು. ತಮ್ಮನ ದಾಖಲೆ ಅಪ್ಪನ ಪ್ಯಾರಿಷ್‌ನಲ್ಲಿ ಸಿಕ್ಕಿತ್ತು. ಅಕ್ಕನದು ಸಿಗಲಿಲ್ಲ. ಅಪ್ಪ ಅಮ್ಮನ ಮದುವೆಯದೂ ಸಿಗಲಿಲ್ಲ. ಅದೇ ಪುಟಗಳನ್ನು ಎರಡು ವರ್ಷ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ, ಬೀಗಿತ್ತಿಗೆ ಒಂದು ಅಳುಕು ಶುರುವಾಗಿತ್ತು. ಮುತ್ತಜ್ಜಿ ಆ ದಂಪತಿಗಳ ಮಗುವೇ ಅಲ್ಲವೇನೋ, ಹಡಗಿನಲ್ಲಿ ಯಾರದೋ ಅನಾಥ ಕೂಸನ್ನು ತಂದುಕೊಂಡರೇನೋ ಅಂತ. ಹಾಗಾದರೆ ತಾನು ಯಾರು ಅಂತ ನನ್ನನ್ನೇ ಒಂದು ದಿನ ಕೇಳಿದರು. ಸಮಾಧಾನ ಹೇಳುವ ಇಚ್ಛೆ ನನಗಿರಲಿಲ್ಲ.

ನನ್ನನ್ನು ಆ ಮೇಜಿಗೆ ಕರೆದದ್ದು ಅಕ್ಷರ ಓದಲು. ಕನ್ನಡಕ್ಕಲ್ಲ. ಪಾದ್ರಿಗಳ ಕೈಬರಹ ಕೋಳಿ ಕೆದರಿದ ಹಾಗೆ, ಸಾಲದ್ದಕ್ಕೆ ಅರ್ಧ ಲ್ಯಾಟಿನ್ನು. ಮೊಮ್ಮಗಳಿಗೆ ಕೂಡಿಸಿ ಬರೆದ ಇಂಗ್ಲಿಷೇ ಓದಲು ಬರೋದಿಲ್ಲ, ಇಲ್ಲಿ ಸ್ಕೂಲಿನಲ್ಲಿ ಕಲಿಸಲಿಲ್ಲವಂತೆ. ನಾನು ಕನ್ನಡಕ ಹಾಕಿಕೊಂಡು ಒಂದು ಸಾಲು ಗಡಗಡ ಓದಿಬಿಟ್ಟೆ. ಇಬ್ಬರೂ ನನ್ನ ಮುಖ ನೋಡಿದರು.

ಅದೇನು ದೊಡ್ಡ ವಿದ್ಯೆಯಲ್ಲ. ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ, ಹನ್ನೊಂದು ವರ್ಷ. ನಮ್ಮ ಸಿಸ್ಟರುಗಳು ಐರ್ಲೆಂಡಿನವರು. ಎಡಗೈಯಲ್ಲಿ ರೂಲರ್ ಹಿಡಿದು, ಬಲಗೈಯಲ್ಲಿ ನಮ್ಮ ಕೈ ಹಿಡಿದು ಬರೆಸಿದ್ದು ಇದೇ ಓರೆ ಅಕ್ಷರ, ಇದೇ ಸುತ್ತು, ಇದೇ ಬಾಲ. ಮೂರನೇ ಕ್ಲಾಸಿನ ಸಿಸ್ಟರಿಗೆ ಊರಿನಿಂದ ಕಾಗದ ಬಂದರೆ ನಮ್ಮ ಕೈಲೇ ಕವರ್ ಒಡೆಸೋರು, ಮಾರ್ಚ್ ತಿಂಗಳಲ್ಲಿ ಅವರ ಊರಿನ ಸಂತನ ಹಬ್ಬಕ್ಕೆ ನಮ್ಮ ಜಡೆಗೆಲ್ಲ ಹಸಿರು ರಿಬ್ಬನ್ನು. ಒಂದು ದಿನ ಕಾಗದ ಓದುತ್ತಾ ಓದುತ್ತಾ ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟರು, ಎಷ್ಟು ಹೊತ್ತಾದರೂ ತಿರುಗಲಿಲ್ಲ. ಅವರ ತಾಯಿ ಹೋಗಿದ್ದರು. ಮನೆ ಬಿಟ್ಟ ಮೇಲೆ ಅವರು ತಾಯಿಯನ್ನು ಒಮ್ಮೆಯೂ ನೋಡಿರಲಿಲ್ಲ. ಹೋಗುವ ಹಾಗೂ ಇರಲಿಲ್ಲ.

ಇದನ್ನು ನಾನು ಅವತ್ತು ಮೇಜಿನ ಮುಂದೆ ಯಾಕೆ ಹೇಳಿದೆ ಅಂದರೆ, ಐರ್ಲೆಂಡು ನಿಮ್ಮ ಅಪ್ಪನ ಮನೆಯ ಸ್ವತ್ತಲ್ಲ, ನನಗೂ ಒಂದು ಪಾಲಿದೆ ಅಂತ ಮೊಮ್ಮಗಳಿಗೆ ತೋರಿಸಲು. ಆದದ್ದು ಬೇರೆ. ಬೀಗಿತ್ತಿ ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕೈ ಹಿಡಿದರು, ಪೆನ್ನು ತೆಗೆದರು, ಸಿಸ್ಟರು ಯಾವ ಕೌಂಟಿಯವರು, ಅಂದರೆ ಯಾವ ಜಿಲ್ಲೆ, ಸಿಸ್ಟರಾಗುವ ಮುಂಚಿನ ಹೆಸರೇನು ಅಂತ ಕೇಳಿ ಬರೆದುಕೊಳ್ಳತೊಡಗಿದರು. ಒಂದು ವಾರ ಕಳೆಯುವುದರಲ್ಲಿ ನನ್ನ ಸಿಸ್ಟರಿಗೂ ಆ ಪೆಟ್ಟಿಗೆಯಲ್ಲಿ ಒಂದು ಫೈಲಾಯಿತು. ಎಪ್ಪತ್ತು ವರ್ಷ ನಾನೊಬ್ಬಳೇ ಇಟ್ಟುಕೊಂಡಿದ್ದ ಹೆಂಗಸು. ಅವರನ್ನೂ ತೆಗೆದುಕೊಂಡರು.

ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಅದನ್ನು ಬರೆಯಲು ಸ್ವಲ್ಪ ನಾಚಿಕೆಯೇ. ಆ ರಿಜಿಸ್ಟರಿನಲ್ಲಿ ಮಗುವಿನ ಅಪ್ಪನ ಹೆಸರಿನ ಪಕ್ಕದಲ್ಲಿ ಅಮ್ಮನ ಹೆಸರು, ಅಮ್ಮನ ತವರಿನ ಹೆಸರಿನ ಸಮೇತ. ಗಂಡನ ಹೆಸರಲ್ಲ, ಅವಳು ಹುಟ್ಟಿದ ಮನೆಯ ಹೆಸರು. ಓದು ಬಾರದ, ಹೆಬ್ಬೆಟ್ಟು ಒತ್ತುವ, ಕೂಲಿಯವನ ಹೆಂಡತಿ. ಅವಳನ್ನು ಪಾದ್ರಿ ಶಾಯಿಯಲ್ಲಿ ಬರೆದಿಟ್ಟಿದ್ದಾನೆ. ಅವತ್ತು ಮೊಮ್ಮಗಳು, ಸುಮ್ಮನೆ ಪಕ್ಕಕ್ಕೆ ತಿರುಗಿ, ಅಜ್ಜಿ, ನಿಮ್ಮ ಅಜ್ಜಿಯ ಹೆಸರೇನು ಅಂದಳು. ಹೇಳಿದೆ. ಅದು ಮದುವೆಗೆ ಮುಂಚಿನದಾ, ಆಮೇಲಿನದಾ ಅಂದಳು. ಆಮೇಲಿನದು. ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದು ಇಟ್ಟ ಹೆಸರು. ಮುಂಚಿನದೇನು ಅಂದಳು. ನನಗೆ ಗೊತ್ತಿರಲಿಲ್ಲ. ನಮ್ಮಮ್ಮನಿಗೂ ಗೊತ್ತಿತ್ತೋ ಇಲ್ಲವೋ. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಂಗಸರ ಹೆಸರನ್ನೂ ಹೇಳುತ್ತಾರೆ, ಆದರೆ ಹೇಳುವುದು ಅಕ್ಕಿಯ ಮೇಲಿನ ಹೆಸರನ್ನೇ. ಬೀಗಿತ್ತಿ ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಜನವರಿಯ ಒಂದು ಶನಿವಾರ ತಮ್ಮನ ದಾಖಲೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. ಇನ್ನೊಂದು ಸಲ ಪೂರ್ತಿ ಓದಿ ಅಂತ ನನ್ನ ಮುಂದೆ ಇಟ್ಟರು. ಓದುವಾಗ ಪೆನ್ಸಿಲ್ ಹಿಡಿದೇ ಓದೋದು ನನ್ನ ಅಭ್ಯಾಸ. ಅಪ್ಪನ ಹೆಸರು, ಅಮ್ಮನ ಹೆಸರು, ಹಳ್ಳಿ. ಕೊನೆಯಲ್ಲಿ ಗಾಡ್‌ಫಾದರ್, ಅಂದರೆ ಬ್ಯಾಪ್ಟಿಸಮ್ ಹೊತ್ತಿನಲ್ಲಿ ಮಗುವಿನ ಪರವಾಗಿ ನಿಲ್ಲುವ ದೊಡ್ಡವನು. ಅವನ ಮನೆತನದ ಹೆಸರು ಅಮ್ಮನ ತವರಿನ ಹೆಸರೇ. ಅವನ ಹೆಸರಿನ ಕೆಳಗೆ ಸಣ್ಣದಾಗಿ ಬೇರೆ ಒಂದು ಊರು. ಅಷ್ಟು ದೂರದಿಂದ ಬಂದಿದ್ದಕ್ಕೆ ಪಾದ್ರಿ ಬರೆದುಕೊಂಡಿರಬೇಕು. ಬೀಗಿತ್ತಿ, ಅದು ಬಿಡಿ, ಯಾರೋ ನೆರೆಯವನು, ಆ ಕೌಂಟಿಯಲ್ಲಿ ಆ ಹೆಸರು ಬೇಕಾದಷ್ಟಿದೆ ಅಂದರು.

ನೆರೆಯವನಲ್ಲ. ಸೋದರಮಾವ. ನನಗೆ ತಕ್ಷಣ ಗೊತ್ತಾಯಿತು. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸದೆ ಮಗುವಿಗೆ ಕಿವಿ ಚುಚ್ಚುತ್ತಾರಾ? ಅವನು ತವರಿನಿಂದ ಬಂದವನು. ತವರು ಆ ಊರು. ಮದುವೆ ಮಾಡಿಕೊಡೋದು ಹೆಣ್ಣಿನ ಮನೆಯವರು, ಹೆಣ್ಣಿನ ಊರಿನಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲಿ. ಇವರು ಎರಡು ವರ್ಷದಿಂದ ಗಂಡನ ಊರಿನ ರಿಜಿಸ್ಟರಿನಲ್ಲಿ ಮಗಳನ್ನು ಹುಡುಕುತ್ತಿದ್ದಾರೆ. ತಮ್ಮ ಗಂಡನ ಹೆಸರಿಟ್ಟುಕೊಂಡು, ಗಂಡನ ಊರಿಗೆ ಹೋಗಿ, ಮೊದಲನೇ ದಿನದಿಂದ ಅಲ್ಲೇ ಸಂಸಾರ ಮಾಡಿದವರಿಗೆ ಬೇರೆ ಹೇಗೆ ಹೊಳೆಯಬೇಕು? ನನ್ನ ಪೆನ್ಸಿಲ್ ತಾನಾಗಿ ಆ ಗಾಡ್‌ಫಾದರ್ ಹೆಸರಿನ ಕೆಳಗೆ, ಊರಿನ ಕೆಳಗೆ, ತೆಳ್ಳಗೆ ಒಂದು ಗೆರೆ ಎಳೆಯಿತು. ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಮೊಮ್ಮಗಳು ಕೇಳಿದಳು. "ನ್ಯಾನಾ, ಇಫ್ ವಿ ಫೈಂಡ್ ದ ಚರ್ಚ್, ಕ್ಯಾನ್ ವಿ ಗೋ ದಿಸ್ ಸಮ್ಮರ್?" ಬೀಗಿತ್ತಿಯನ್ನು ಅವಳು ಕರೆಯುತ್ತಿದ್ದದ್ದು ನ್ಯಾನಾ ಅಂತ.

ಚರ್ಚು ಸಿಕ್ಕ ಮಾರನೇ ದಿನ ಟಿಕೆಟ್ ತೆಗೆಸುತ್ತೇನೆ, ನೀನು ನಾನು ಇಬ್ಬರೇ ಅಂದರು ಬೀಗಿತ್ತಿ. ಸಿಗದಿದ್ದರೆ ಹೋಗಿ ಏನು ಮಾಡೋದು, ಟೂರಿಸ್ಟ್ ಬಸ್ಸಿನಲ್ಲಿ ಕೂತು ಕುರಿ ನೋಡಿಕೊಂಡು ಬರಬೇಕಷ್ಟೆ ಅಂತಲೂ ಅಂದರು.

ಆ ಬೇಸಿಗೆ ನನ್ನದು. ಮೂರು ವರ್ಷದ ಹಿಂದೆ ಮೊಮ್ಮಗಳು ಮಾತು ಕೊಟ್ಟಿದ್ದಳು. ಕಾಲೇಜಿಗೆ ಹೋಗುವ ಹಿಂದಿನ ಬೇಸಿಗೆಯಲ್ಲಿ ನನ್ನ ಜೊತೆ ಒಂದು ತಿಂಗಳು ಮೈಸೂರು, ನಾವಿಬ್ಬರೇ. ನನ್ನ ಮಂಡಿ ನಡೆಯುತ್ತಿರುವಾಗಲೇ ನಾನು ನಡೆದ ಬೀದಿಗಳಲ್ಲಿ ಅವಳನ್ನು ನಡೆಸಬೇಕು ಅಂತ ನನ್ನ ಆಸೆ. ಅವಳಿಗೆ ಗೊತ್ತಿರುವ ಮೈಸೂರು ಅನ್ನುವುದು ಒಂದು ಪದ, ಅಷ್ಟೆ. ಆಮೇಲೆ ಹುಡುಗಿ ಕೈಗೆ ಸಿಗೋದಿಲ್ಲ. ಅವಳು ಮರೆತಿದ್ದಾಳೆ ಅಂತ ಆ ಕ್ಷಣದಲ್ಲಿ ಗೊತ್ತಾಯಿತು. ತೆರೆದ ಬಾಯಿ ಮುಚ್ಚಿಕೊಂಡೆ. ಟೀ ಮಾಡ್ತೀನಿ ಅಂತ ಎದ್ದೆ.

ಆರು ಶನಿವಾರ ಸುಮ್ಮನಿದ್ದೆ. ಸುಮ್ಮನಿದ್ದೆ ಅಂದರೂ ಪೂರ್ತಿ ನಿಜವಲ್ಲ. ನಾನಾಗಿ ಹೋಗಿ ಮೇಜಿನ ಮುಂದೆ ಕೂತು, ಗಂಡನ ಪ್ಯಾರಿಷ್‌ನ ರಿಜಿಸ್ಟರನ್ನೇ ಪುಟಪುಟವಾಗಿ, ಕಣ್ಣಲ್ಲಿ ನೀರು ಬರುವವರೆಗೆ, ಅವರಿಗೆ ಓದಿ ಹೇಳಿದೆ. ಅಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೂ. ಬೀಗಿತ್ತಿ, ನೀವು ನನ್ನ ಪಾಲಿಗೆ ದೇವರು ಕಳಿಸಿದವರು ಅಂತ ಹೇಳಿ ನನ್ನ ಭುಜ ಒತ್ತುತ್ತಿದ್ದರು. ಮೊಮ್ಮಗಳು, ಥ್ಯಾಂಕ್ ಯು ಅಜ್ಜಿ ಅಂತ ಬೆನ್ನ ಹಿಂದಿನಿಂದ ಬಂದು ತಬ್ಬಿಕೊಳ್ಳುತ್ತಿದ್ದಳು. ಆ ತಬ್ಬುಗೆ ನನಗೆ ಬೇಕಿತ್ತು, ಹೇಗೆ ಬಂದರೂ ಬೇಕಿತ್ತು. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್‌ನಲ್ಲಿ ನನಗೆ ಯಾವಾಗಲೂ ಫಸ್ಟು.

ಏಳನೇ ಶನಿವಾರ ಡ್ರೈವ್‌ವೇಯಲ್ಲಿ ಸದ್ದಾಗಲಿಲ್ಲ, ಬರೀ ಕಾಲಿಂಗ್ ಬೆಲ್ಲಾಯಿತು. ಮೊಮ್ಮಗಳು ಡಿಬೇಟ್ ಟೂರ್ನಮೆಂಟಿಗೆ ಅಂತ ಅಪ್ಪ ಅಮ್ಮನ ಜೊತೆ ಹೋಗಿದ್ದಳು. ಬೀಗಿತ್ತಿ ಬರಿಗೈಲಿ ನಿಂತಿದ್ದರು. ಪೆಟ್ಟಿಗೆ ಕಾರಿನಲ್ಲೇ ಬಿಟ್ಟು ಬಂದಿದ್ದರು. ಒಳಗೆ ಕರೆದು ಕೂರಿಸಿ ಟೀ ಕೊಟ್ಟೆ. ಕೋಡುಬಳೆ ಇಟ್ಟೆ. ಒಂದು ಕೋಡುಬಳೆಯನ್ನು ಸಣ್ಣ ಸಣ್ಣ ಚೂರು ಮಾಡುತ್ತಾ, ಹುಡುಕೋದನ್ನು ನಿಲ್ಲಿಸಿಬಿಟ್ಟೆ ಅಂದರು. ಹಾರ್ಟಿನ ವಾಲ್ವ್ ಸರಿಯಿಲ್ಲವಂತೆ, ಆಪರೇಷನ್ ಮಾಡುವ ವಯಸ್ಸೂ ಅಲ್ಲವಂತೆ. ಸಿಗದ ಪುಟಕ್ಕೆ ಇನ್ನೆಷ್ಟು ಶನಿವಾರ ಹಾಕೋದು ಅಂದರು. ಆಮೇಲೆ ನನ್ನ ಮುಖ ನೋಡಿದರು.

"ಬೇಸಿಗೆಗೆ ಅವಳು ನಿಮಗೆ ಮೊದಲೇ ಮಾತು ಕೊಟ್ಟಿದ್ದಳಂತೆ. ನನಗೆ ಹೋದ ವಾರ ಹೇಳಿದಳು, ಅಳುತ್ತಾ ಹೇಳಿದಳು. ನನಗೆ ಗೊತ್ತಿದ್ದರೆ ನಾನು ಆಸೆ ಹುಟ್ಟಿಸುತ್ತಲೇ ಇರಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿ. ನಾನೇ ಅವಳಿಗೆ ಹೇಳುತ್ತೇನೆ."

ಇಂಗ್ಲಿಷಿನಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೈಸೂರು ಅನ್ನುವುದನ್ನು ಮೊದಲ ಸಲ ಸರಿಯಾಗಿ ಉಚ್ಚರಿಸಿದ್ದರು. ಮನೆಯಲ್ಲಿ ಕೂತು ಅಭ್ಯಾಸ ಮಾಡಿರಬೇಕು.

ನನಗೆ ಬೇಕಾದದ್ದು ಸಿಕ್ಕಿತ್ತು. ಟೀ ಕುಡಿದು, ಥ್ಯಾಂಕ್ಸ್ ಹೇಳಿ, ಕಾರಿನವರೆಗೆ ಕಳಿಸಿ ಬಂದಿದ್ದರೆ ಮುಗಿಯುತ್ತಿತ್ತು. ಆದರೆ ಅವರು ನನ್ನ ಮುಂದೆ ಆ ಬೇಸಿಗೆಯನ್ನು ತಟ್ಟೆಯಲ್ಲಿ ಇಟ್ಟು ಕೊಟ್ಟ ರೀತಿ ಇದೆಯಲ್ಲ, ಅದನ್ನು ನನಗೆ ಸಹಿಸಲು ಆಗಲಿಲ್ಲ. ಮೊಮ್ಮಗಳು ನಾಳೆ ಏನಂದುಕೊಳ್ಳುತ್ತಾಳೆ? ನ್ಯಾನಾ ಎಷ್ಟು ಒಳ್ಳೆಯವರು, ಕಾಯಿಲೆಯಲ್ಲೂ ಅಜ್ಜಿಗೋಸ್ಕರ ಬಿಟ್ಟುಕೊಟ್ಟರು ಅಂತ. ಮೈಸೂರಿನ ಒಂದೊಂದು ಬೀದಿಯಲ್ಲೂ ನನ್ನ ಜೊತೆ ನಡೆಯುತ್ತಾ ಅವರನ್ನು ನೆನೆಯುತ್ತಾಳೆ. ಇದು ಪಶ್ಚಾತ್ತಾಪ ಅಂತ ಓದುವವರು ತಿಳಿದುಕೊಂಡರೆ ನನಗೆ ಸಂತೋಷವೇ, ಆದರೆ ಅದು ಪಶ್ಚಾತ್ತಾಪವಾಗಿರಲಿಲ್ಲ. ಅವರು ನನಗಿಂತ ಒಳ್ಳೆಯವರಾಗಿಬಿಡುತ್ತಾರಲ್ಲ ಅನ್ನುವ ಉರಿ.

ನಿಮ್ಮ ಮಗ ಎಲ್ಲಿ ಹುಟ್ಟಿದ್ದು ಅಂತ ಕೇಳಿದೆ. ಆಸ್ಪತ್ರೆಯಲ್ಲಿ, ಮನೆಯ ಹತ್ತಿರ, ಯಾಕೆ ಅಂದರು.

"ನನ್ನ ಮಗಳು ಹುಟ್ಟಿದ್ದು ನಮ್ಮಮ್ಮನ ಮನೆಯಲ್ಲಿ" ಅಂದೆ. "ನನ್ನ ಗಂಡನ ಊರು ಶಿವಮೊಗ್ಗ. ಆದರೆ ಏಳು ತಿಂಗಳು ತುಂಬಿದ ಮೇಲೆ ಅಣ್ಣ ಬಂದು ಮೈಸೂರಿಗೆ ಕರೆದುಕೊಂಡು ಬಂದ. ಮೊದಲ ಹೆರಿಗೆ ತಾಯಿಯ ಮನೆಯಲ್ಲಿ. ಎರಡನೆಯದು ಎಲ್ಲಾದರೂ ಆಗಲಿ."

"ಮೊದಲನೆಯದು ಯಾವಾಗಲೂ?"

"ಯಾವಾಗಲೂ. ನಿಮ್ಮ ಮುತ್ತಜ್ಜಿ ಮೊದಲನೆಯವಳು. ಆ ಗಾಡ್‌ಫಾದರ್ ಅವಳ ಸೋದರಮಾವ. ಅವನ ಊರಿನ ರಿಜಿಸ್ಟರ್ ನೋಡಿ."

ಅವರು ಎದ್ದು ಹೋಗಿ ಕಾರಿನಿಂದ ಪೆಟ್ಟಿಗೆ ತಂದರು, ಈ ಸಲ ನಡುವೆ ನಿಲ್ಲದೆ. ಆ ಊರು ಸೇರಿದ ಪ್ಯಾರಿಷ್ ಯಾವುದು ಅಂತ ಹುಡುಕಲು ಹತ್ತು ನಿಮಿಷ. ಅದು ಗಂಡನ ಊರಿನಿಂದ ಎರಡು ಬೆಟ್ಟ ಆಚೆ. ಮದುವೆಗಳೆಲ್ಲ ಫೆಬ್ರವರಿಯಲ್ಲಿ ನೋಡಿ ಅಂದೆ. ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ಮದುವೆ ಇಲ್ಲ, ಅದಕ್ಕೇ ಎಲ್ಲರೂ ಅದರ ಹಿಂದಿನ ವಾರ ಗಡಿಬಿಡಿಯಲ್ಲಿ ಮಾಡಿ ಮುಗಿಸೋರು ಅಂತ ಸಿಸ್ಟರು ಹೇಳುತ್ತಿದ್ದರು, ನಮ್ಮ ಆಷಾಢದ ಹಾಗೆ. ಮದುವೆ ಸಿಕ್ಕಿತು. ಅಲ್ಲಿಂದ ಹನ್ನೊಂದು ತಿಂಗಳು ಮುಂದೆ ಹೋದೆವು. ಪುಟದ ಮೂಲೆ ತೇವಕ್ಕೆ ಕಪ್ಪಾಗಿತ್ತು. ಅದರ ಪಕ್ಕದಲ್ಲೇ, ಹೆಣ್ಣು ಮಗು, ಅಪ್ಪನ ಹೆಸರು, ಅಮ್ಮನ ತವರಿನ ಹೆಸರು. ಹುಟ್ಟಿದ್ದು ಅಜ್ಜಿಯ ಮನೆಯಲ್ಲಿ. ಗಾಡ್‌ಮದರ್ ಆಗಿ ನಿಂತವಳೂ ಅದೇ ಮನೆತನದವಳು, ಚಿಕ್ಕಮ್ಮನೇ ಇರಬೇಕು.

ಬೀಗಿತ್ತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ಮಂಜಾಗಿದೆ, ನೀವೇ ಗಟ್ಟಿಯಾಗಿ ಓದಿ ಅಂದರು. ಎದ್ದು ನಿಂತು ಓದಿದೆ, ಕಾನ್ವೆಂಟಿನಲ್ಲಿ ರೆಸಿಟೇಶನ್‌ಗೆ ನಿಲ್ಲುತ್ತಿದ್ದ ಹಾಗೆ ಕೈ ಹಿಂದೆ ಕಟ್ಟಿಕೊಂಡು. ಎರಡು ಸಲ ಓದಿಸಿಕೊಂಡರು.

ಆಮೇಲೆ ಮೇಜಿನ ಮೇಲೆ ಹರಡಿದ್ದ ಕಾಗದಗಳನ್ನು ಜೋಡಿಸುತ್ತಿದ್ದರು. ತಮ್ಮನ ದಾಖಲೆಯ ಆ ದೊಡ್ಡ ಪ್ರಿಂಟ್ ಕೈಗೆ ಬಂತು. ಅದರ ಮೇಲೆ ಜನವರಿಯ ತಾರೀಕನ್ನು ಅವರೇ ಹಾಕಿದ್ದರು, ಎಲ್ಲದಕ್ಕೂ ತಾರೀಕು ಹಾಕೋದು ಅವರ ಲೈಬ್ರರಿ ಅಭ್ಯಾಸ. ಗಾಡ್‌ಫಾದರ್ ಹೆಸರಿನ ಕೆಳಗೆ ನನ್ನ ಪೆನ್ಸಿಲ್ ಗೆರೆ. ಅವತ್ತಿನ ನಂತರ ಆ ಹಾಳೆಯನ್ನು ಪೆಟ್ಟಿಗೆಯಿಂದ ಯಾರೂ ತೆಗೆದಿರಲಿಲ್ಲ. ಅವರು ಗೆರೆಯನ್ನು ನೋಡಿದರು. ತಾರೀಕನ್ನು ನೋಡಿದರು. ನಾನು ಕೋಡುಬಳೆಯ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದೆ, ಅದು ಕೂರುತ್ತಲೇ ಇರಲಿಲ್ಲ.

ಆಗಲೇ ಬಾಗಿಲು ತೆಗೆದುಕೊಂಡು ಮೊಮ್ಮಗಳು ಬಂದಳು. ಸುದ್ದಿ ಕೇಳಿ ಮೊದಲು ಓಡಿದ್ದು ನ್ಯಾನಾ ಹತ್ತಿರ. ಆಮೇಲೆ ನನ್ನ ಹತ್ತಿರ ಬಂದು, ಅಜ್ಜಿ, ನಿಮಗೆ ಇದು ಯಾವಾಗ ಗೊತ್ತಾಯಿತು ಅಂದಳು.

ಬೀಗಿತ್ತಿ ಆ ಹಾಳೆಯನ್ನು ಬೋರಲು ಹಾಕಿದರು. "ಈಗ ತಾನೇ" ಅಂದರು. "ಟೀ ಕುಡಿಯುತ್ತಾ."

ಲೈಬ್ರೇರಿಯನ್ ಆಗಿದ್ದವರು, ಒಂದು ತಾರೀಕು ತಪ್ಪಾದರೂ ಸಹಿಸದವರು, ನನಗೋಸ್ಕರ ಸುಳ್ಳು ಹೇಳಿದರು. ಅದರಲ್ಲೂ ನನ್ನನ್ನು ಸೋಲಿಸಿದರು. ಅವತ್ತು ರಾತ್ರಿ ಊಟ ಸೇರಲಿಲ್ಲ, ಮಗಳು ಆಸಿಡಿಟಿ ಮಾತ್ರೆ ತಂದುಕೊಟ್ಟಳು.

ಟಿಕೆಟ್ ತೆಗೆಸುವಾಗ ನೀವೂ ಬನ್ನಿ, ಹುಡುಕಿದವರು ನೀವು ಅಂತ ನನ್ನನ್ನೂ ಕರೆದರು. ಮೂರು ಸಲ ಕರೆದರು. ಮಂಡಿ ನೋವು ಅಂದೆ. ಮಂಡಿ ನೋವು ಇತ್ತು, ಆದರೆ ಆ ಚರ್ಚಿನಲ್ಲಿ ಅವರಿಬ್ಬರ ಹಿಂದೆ ಮೂರನೆಯವಳಾಗಿ ನಿಲ್ಲಲು ನನಗೆ ಮನಸ್ಸಿರಲಿಲ್ಲ. ಮೈಸೂರು ಡಿಸೆಂಬರಿಗೆ ಹೋಯಿತು, ಆಮೇಲೆ ಮುಂದಿನ ಡಿಸೆಂಬರಿಗೆ. ಇನ್ನೂ ಆಗಿಲ್ಲ.

ಅವರು ಹೋಗಿ ನೋಡಿದರು. ಮುತ್ತಜ್ಜಿಯ ತಲೆಗೆ ನೀರು ಹಾಕಿದ ಕಲ್ಲಿನ ತೊಟ್ಟಿ ಇನ್ನೂ ಅಲ್ಲೇ ಇದೆಯಂತೆ. ಬೀಗಿತ್ತಿ ಅದರ ಅಂಚು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರಂತೆ. ಬಾಗಿಲು ತೆಗೆದ ಚರ್ಚಿನ ಮುದುಕನಿಗೆ, ಇದನ್ನು ಹುಡುಕಿಕೊಟ್ಟದ್ದು ನನ್ನ ಮಗನ ಅತ್ತೆ, ಅವರನ್ನು ಓದಿಸಿದ್ದು ನಿಮ್ಮೂರ ಕಡೆಯ ಸಿಸ್ಟರು ಅಂತ ಹೇಳಿದರಂತೆ. ಮೊಮ್ಮಗಳು ಬಂದು ಹೇಳಿದಳು. ವಾಪಸ್ಸು ಬಂದ ಎರಡನೇ ವಾರ, ಡ್ಯಾನ್‌ವಿಲ್ ಮನೆಯಲ್ಲಿ, ಬೆಳಿಗ್ಗೆ ಪೇಪರ್ ಓದುತ್ತಾ ಕೂತ ಕುರ್ಚಿಯಲ್ಲೇ ಹೋದರು. ನನಗೆ ಶೀತ ಅಂತ ಆ ಎರಡು ವಾರದಲ್ಲಿ ನಾನು ನೋಡಲು ಹೋಗಿರಲಿಲ್ಲ. ಶೀತ ಅಷ್ಟೇನೂ ಇರಲಿಲ್ಲ. ಮೊಮ್ಮಗಳನ್ನು ಒಂದೆರಡು ಶನಿವಾರ ನನ್ನ ಹತ್ತಿರವೇ ಇಟ್ಟುಕೊಳ್ಳೋಣ ಅನ್ನಿಸಿತ್ತು. ಮಣ್ಣು ಮಾಡುವ ದಿನ ಚರ್ಚಿನಲ್ಲಿ ಶವಪೆಟ್ಟಿಗೆ ಮುಚ್ಚಿತ್ತು. ಅದನ್ನು ನೋಡಿದ್ದು ಅಂತ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಯ ಸಲ ನೋಡಿದ್ದು ಜೂನಿನಲ್ಲಿ, ಅವರಿಬ್ಬರೂ ಹೊರಟ ದಿನ, ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ. ಅಳಿಯ ಕಾರನ್ನು ಪಾರ್ಕ್ ಮಾಡಲು ಹೋಗಿದ್ದ, ಮಗಳಿಗೆ ಆಫೀಸು. ನಾನೊಬ್ಬಳೇ ಹಗ್ಗದ ಈಚೆ ನಿಂತಿದ್ದೆ. ಬೀಗಿತ್ತಿ ವೀಲ್‌ಚೇರಿನಲ್ಲಿ ಕೂತಿದ್ದರು, ನೀಲಿ ಕೋಟು, ತಲೆ ಬಾಚಿ ಕ್ಲಿಪ್ ಹಾಕಿಕೊಂಡಿದ್ದರು. ಮೊಮ್ಮಗಳು ಪಕ್ಕದಲ್ಲಿ ಅವರ ಭುಜದ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದಳು. ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಒಂದು ಸಲ ತಿರುಗುತ್ತಾಳಾ, ತಿರುಗಿ ನನ್ನನ್ನು ಹುಡುಕುತ್ತಾಳಾ ಅಂತ. ಪಾಸ್‌ಪೋರ್ಟ್ ನೋಡುವವನ ಮುಂದೆ ಸಾಲು ನಿಂತಿತು. ಅವಳು ಫೋನ್ ನೋಡುತ್ತಿದ್ದಳು. ತಿರುಗಿದ್ದು ಬೀಗಿತ್ತಿ. ಕುರ್ಚಿಯಲ್ಲಿ ಕೂತಲ್ಲೇ ಕಷ್ಟಪಟ್ಟು ಇಡೀ ಮೈ ತಿರುಗಿಸಿ, ಒಂದು ಕೈಯಿಂದ ಹಿಡಿಕೆ ಹಿಡಿದುಕೊಂಡು, ಇನ್ನೊಂದು ಕೈ ಎತ್ತಿ ಬೀಸಿದರು. ಮಗ ಬಂದಿರಬೇಕು, ಅವನಿಗೆ ಬೀಸುತ್ತಿದ್ದಾರೆ ಅಂದುಕೊಂಡು ನಾನು ಪಕ್ಕಕ್ಕೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ನಾನು ಮತ್ತೆ ಆ ಕಡೆ ನೋಡುವಷ್ಟರಲ್ಲಿ ಸಾಲು ಮುಂದೆ ಸರಿದಿತ್ತು. ಅವರು ಕೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಮುಂದಕ್ಕೆ ತಿರುಗಿ ಕೂತಿದ್ದರು.